ಹೊಸ ಕೋಚ್, ನಿಧಾನದ ಓಟ ಮತ್ತು ನಿಮ್ಮ ಪತ್ರದ ಕೊನೆಯ ಸಾಲು

ಪ್ರಶ್ನೆ: ನನಗೆ 41 ವರ್ಷ. ಬ್ಯಾಂಕ್ ಕೆಲಸ, ಇಬ್ಬರು ಮಕ್ಕಳು. ಆರು ವರ್ಷದಿಂದ ನನ್ನ ಪಾಡಿಗೆ ನಾನು ಓಡಿಕೊಂಡು ಬಂದಿದ್ದೇನೆ, ಹಾಫ್ ಮ್ಯಾರಥಾನ್ 2 ಗಂಟೆ 15 ನಿಮಿಷದಲ್ಲಿ ಮುಗಿಸಿದ್ದೇನೆ. ಗೋವಾದ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೊಂದು ಮಾಡುವ ಸ್ಪರ್ಧೆ) ಮಾಡುವ ಆಸೆಯಿಂದ ಐದು ವಾರದ ಹಿಂದೆ ಪುಣೆಯ ಕೋಚ್ ಒಬ್ಬರ ಬಳಿ ಆನ್‌ಲೈನ್‌ನಲ್ಲಿ ಸೇರಿದೆ. ಸ್ಪರ್ಧೆಗೆ ಇನ್ನೂ ಏಳು ತಿಂಗಳಿದೆ. ವಾರಕ್ಕೆ ಎಂಟು ಗಂಟೆಯ ಪ್ಲಾನ್, ಅದರಲ್ಲಿ ಈಜು ಮೂರು ದಿನ, ಓಟ ಎರಡೇ ದಿನ. ಓಡುವಾಗ ಹಾರ್ಟ್‌ರೇಟ್ 134 ದಾಟಬಾರದಂತೆ. ಹಾಗೆ ಓಡಿದರೆ ಕಿಲೋಮೀಟರಿಗೆ ಎಂಟೂವರೆ ನಿಮಿಷ ಹಿಡಿಯುತ್ತದೆ, ಸ್ವಲ್ಪ ಏರು ಬಂದರೂ ನಡೆಯಬೇಕು. ಕುಕ್ಕರಹಳ್ಳಿ ಕೆರೆಯ ಹತ್ತಿರ ಪರಿಚಯದವರು ‘ಯಾಕೆ ಮೇಡಂ, ಹುಷಾರಿಲ್ವಾ?’ ಅಂತ ಕೇಳುತ್ತಾರೆ. ಹೀಗೇ ಓಡಿದರೆ ಇರುವ ವೇಗವೂ ಹೋಗುತ್ತದೆ ಅಂತ ಓಟದ ಗೆಳತಿಯರು ಹೇಳುತ್ತಾರೆ. ಮಾರ್ಚ್ ಕೊನೆಯ ಕೆಲಸದಲ್ಲಿ ತಪ್ಪಿದ ವರ್ಕೌಟ್‌ಗಳು ಆ್ಯಪ್‌ನಲ್ಲಿ ಕೆಂಪಾಗಿ ಕಾಣುತ್ತವೆ, ಅವನ್ನು ಭಾನುವಾರ ಒಟ್ಟಿಗೆ ಮಾಡಿ ಮುಗಿಸುತ್ತೇನೆ. ಕೋಚ್ ನನ್ನನ್ನು ಎದುರಿಗೆ ನೋಡಿಯೂ ಇಲ್ಲ, ಅವರನ್ನು ನಂಬಬಹುದೇ? ಹೃದಯಕ್ಕೆ ಏನಾದರೂ ಆದರೆ ಎಂದು ನಮ್ಮ ಯಜಮಾನರಿಗೆ ಭಯ. ಜನವರಿಯಿಂದ ರಾತ್ರಿ ಊಟ ಬಿಟ್ಟು 5 ಕೆ.ಜಿ. ಇಳಿದಿದ್ದೇನೆ. ಅಂದಹಾಗೆ, ಬಲಗಾಲಲ್ಲಿ ಮೊಣಕಾಲ ಕೆಳಗಿನ ಮೂಳೆ ಎರಡು ವಾರದಿಂದ ನೋಯುತ್ತಿದೆ. ಎರಡು ತಿಂಗಳಿಂದ ಮುಟ್ಟೂ ಆಗಿಲ್ಲ, ವಯಸ್ಸಿನದಿರಬಹುದು. ಇದನ್ನೆಲ್ಲ ಕೋಚ್‌ಗೆ ಹೇಳಿಲ್ಲ.
– ಹೆಸರು ಬೇಡ, ಮೈಸೂರು

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆ. ನಿಧಾನ ಓಡಿದರೆ ವೇಗ ಹೋಗುತ್ತದೆಯೇ, ಕಣ್ಣಿಗೆ ಕಾಣದ ಕೋಚನ್ನು ನಂಬಬಹುದೇ, ತಪ್ಪಿದ ವರ್ಕೌಟ್‌ಗಳನ್ನು ಏನು ಮಾಡುವುದು, ಹೃದಯಕ್ಕೆ ಅಪಾಯವಿದೆಯೇ. ಕೇಳದೆ ಬಿಟ್ಟ ಐದನೆಯದು ‘ಅಂದಹಾಗೆ’ ಎಂಬ ಮಾತಿನ ಹಿಂದೆ ಕೂತಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ನಾಲ್ಕಕ್ಕೆ ಏಳು ತಿಂಗಳ ಸಮಯವಿದೆ, ಇದಕ್ಕಿಲ್ಲ.

ಇಳಿದ ತೂಕ, ನಿಂತ ಮುಟ್ಟು, ಮೂಳೆಯ ನೋವು. ಈ ಮೂರನ್ನೂ ನೀವು ಒಂದಕ್ಕೊಂದು ಸಂಬಂಧವಿಲ್ಲದವು ಎಂಬಂತೆ ಬರೆದಿದ್ದೀರಿ. ನನ್ನ ಕಣ್ಣಿಗೆ ಅವು ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಾಣುತ್ತವೆ. ತಿಂದದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾ ಹೋದರೆ ದೇಹ ಮನೆಯ ಯಜಮಾನಿಯ ಹಾಗೆ ಕೈ ಬಿಗಿ ಹಿಡಿಯುತ್ತದೆ. ಉಸಿರಾಟ, ಹೃದಯ ಇಂಥ ನಿತ್ಯದ ಖರ್ಚಿಗೆ ಮೊದಲು ಎತ್ತಿಡುತ್ತದೆ, ಮುಟ್ಟಿನ ಚಕ್ರವನ್ನು, ಮೂಳೆಯ ರಿಪೇರಿಯನ್ನು ಆಮೇಲೆ ನೋಡೋಣ ಎಂದು ಮುಂದೂಡುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ. ಅದು ಇಳಿದ ಮೂಳೆಯ ಮೇಲೆ ಓಟದ ಪೆಟ್ಟು ಬೀಳುತ್ತಾ ಇದ್ದರೆ ಸಣ್ಣ ಬಿರುಕು ಬಿಡುತ್ತದೆ. ಇದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ‘ರೆಡ್-ಎಸ್’ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟು ಗುರುತಿಸಿತು. ಗಂಡಸರಿಗೂ ಇದು ಆಗುತ್ತದೆ, ಆದರೆ ಅವರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ. ನಿಮಗೆ ಆ ಗಂಟೆ ಎರಡು ತಿಂಗಳಿಂದ ಬಾರಿಸುತ್ತಿದೆ.

ನಿಮಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಗರ್ಭ ನಿಂತಿರಬಹುದು, ಥೈರಾಯ್ಡ್ ಇರಬಹುದು, 41ಕ್ಕೆ ಮುಟ್ಟಿನ ಲೆಕ್ಕ ಏರುಪೇರಾಗುವುದೂ ಉಂಟು. ಆದರೆ ‘ವಯಸ್ಸಿನದಿರಬಹುದು’ ಎಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ, ನನ್ನದೂ ಅಲ್ಲ. ಮೆಡಿಕಲ್ ಸ್ಟೋರ್‌ನಿಂದ ಕಿಟ್ ತಂದು ಗರ್ಭ ಪರೀಕ್ಷೆ ಮಾಡಿಕೊಳ್ಳಿ, ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆಗಳನ್ನು ಮಾಡಿಸಬೇಕೇ ಎಂದು ಅವರನ್ನೇ ಕೇಳಿ. ಫೆರಿಟಿನ್ ಅನ್ನು ಪ್ರತ್ಯೇಕವಾಗಿ ಹೇಳಿದ್ದಕ್ಕೆ ಕಾರಣವಿದೆ: ಹಿಮೋಗ್ಲೋಬಿನ್ 12ರ ಮೇಲಿದ್ದು ಸರಿಯಾಗಿದೆ ಅನ್ನಿಸಿದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರುವ ಓಟಗಾರ್ತಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಊಟವಾದ ಕೂಡಲೇ ಕಾಫಿ ಕುಡಿಯುವ ನಮ್ಮ ಅಭ್ಯಾಸವೂ ಇದಕ್ಕೆ ಕೈ ಜೋಡಿಸುತ್ತದೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಕಾಫಿ, ಟೀ ಕಡಿಮೆ ಮಾಡುತ್ತವೆ, ನಿಂಬೆಹುಳಿ ಹೆಚ್ಚು ಮಾಡುತ್ತದೆ.

ಇನ್ನು ಕಾಲಿನ ನೋವು. ಬೆರಳಿನಿಂದ ಮೂಳೆಯ ಒಳಅಂಚನ್ನು ಮೇಲಿಂದ ಕೆಳಗೆ ಒತ್ತಿ ನೋಡಿ. ಒಂದು ಗೇಣಿನಷ್ಟು ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಅದು ಸಾಮಾನ್ಯವಾಗಿ ಮೂಳೆಯ ಮೇಲ್ಪದರದ ಉರಿಯೂತ, ಓಟಗಾರರು ‘ಶಿನ್ ಸ್ಪ್ಲಿಂಟ್’ ಅನ್ನುವುದು ಇದನ್ನೇ. ಒಂದೇ ಜಾಗ, ಬೆರಳಿಟ್ಟು ತೋರಿಸುವ ಹಾಗೆ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಬಿರುಕಿನ ಅನುಮಾನ ಬಲವಾಗುತ್ತದೆ. ಆಗ ಮೂಳೆ ವೈದ್ಯರ ಬಳಿ ಹೋಗಿ. ಆರಂಭದ ವಾರಗಳಲ್ಲಿ ಎಕ್ಸ್‌ರೇ ಏನೂ ಇಲ್ಲ ಎಂದು ತೋರಿಸುವುದುಂಟು, ಎಂಆರ್‌ಐನಲ್ಲಿ ಸಿಗುತ್ತದೆ. ಮುಟ್ಟು ನಿಂತಿರುವ ವಿಷಯವನ್ನು ಮೂಳೆ ವೈದ್ಯರಿಗೂ ಹೇಳಿ, ಇಲ್ಲದಿದ್ದರೆ ಅವರು ನೋವಿನ ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ಅಲ್ಲಿಯವರೆಗೆ ಓಟ ಬೇಡ. ನೋಯದಿದ್ದರೆ ಸೈಕಲ್, ಈಜು ನಡೆಯಲಿ. ಬಿರುಕೇ ಆಗಿದ್ದರೂ ಬೇಗ ಗೊತ್ತಾದರೆ ಆರೆಂಟು ವಾರದಲ್ಲಿ ಮತ್ತೆ ಓಟಕ್ಕೆ ಮರಳುವವರು ಬಹಳ ಮಂದಿ. ಮುಚ್ಚಿಟ್ಟು ಓಡಿದರೆ ಆರೆಂಟು ತಿಂಗಳೂ ಸಾಲದೆ ಹೋಗಬಹುದು.

ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ ನನ್ನ ಬಳಿ ಒಬ್ಬ ಹುಡುಗಿ ಓಡುತ್ತಿದ್ದಳು. ಪ್ರತಿ ಬೆಳಿಗ್ಗೆ ಹೇಗಿದೆ ಎಂದು ಕೇಳುತ್ತಿದ್ದೆ, ‘ಚೆನ್ನಾಗಿದೆ ಸಾರ್’ ಅನ್ನುತ್ತಿದ್ದಳು. ಒಂದು ದಿನ ಟ್ರ್ಯಾಕ್ ಮೇಲೆ ಕುಸಿದು ಕೂತಳು, ಮೂಳೆ ಪೂರ್ತಿ ಮುರಿದಿತ್ತು. ಐದು ತಿಂಗಳಿಂದ ಮುಟ್ಟಾಗಿರಲಿಲ್ಲ ಎಂಬುದು ಆಸ್ಪತ್ರೆಯಲ್ಲಿ ಅವಳ ತಾಯಿಯಿಂದ ಗೊತ್ತಾಯಿತು. ತಪ್ಪು ಅವಳದಲ್ಲ. ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿರಲಿಲ್ಲ. ಅವತ್ತಿನಿಂದ ನನ್ನ ಬಳಿ ಸೇರುವ ಪ್ರತಿ ಮಹಿಳೆಗೂ ಮೊದಲ ದಿನವೇ ಅದನ್ನು ಕೇಳುತ್ತೇನೆ, ಪ್ರತಿ ತಿಂಗಳೂ ಕೇಳುತ್ತೇನೆ. ಮೊದಮೊದಲು ನನಗೇ ಸಂಕೋಚವಾಗುತ್ತಿತ್ತು.

ಹಾಗಾಗಿ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಫೋನ್ ಮಾಡಬೇಡಿ, ಒಂದು ಮೆಸೇಜ್ ಹಾಕಿ: ‘ಎರಡು ತಿಂಗಳಿಂದ ಪೀರಿಯಡ್ಸ್ ಆಗಿಲ್ಲ, ಬಲಗಾಲಿನ ಶಿನ್ ನೋವಿದೆ, ಡಾಕ್ಟರ್ ನೋಡುವವರೆಗೆ ಓಟ ನಿಲ್ಲಿಸಿದ್ದೇನೆ.’ ಇಷ್ಟೇ ಸಾಕು. ಕೋಚನ್ನು ನಂಬಬಹುದೇ ಎಂದು ಕೇಳಿದಿರಲ್ಲ, ಇದಕ್ಕೆ ಅವರು ಕೊಡುವ ಉತ್ತರದಲ್ಲಿ ಅದು ಗೊತ್ತಾಗುತ್ತದೆ. ‘ಒಳ್ಳೆಯದು ಮಾಡಿದಿರಿ, ವರದಿ ಬರಲಿ, ಅಲ್ಲಿಯವರೆಗೆ ಪ್ಲಾನ್ ಬದಲಿಸುತ್ತೇನೆ’ ಅಂದರೆ ಅವರ ಜೊತೆ ಇರಿ. ‘ಸ್ವಲ್ಪ ನೋವೆಲ್ಲ ಇದ್ದದ್ದೇ, ಐಸ್ ಇಟ್ಟು ಓಡಿ’ ಅಂದರೆ ಆ ತಿಂಗಳಿಗೇ ಬಿಡಿ. ತೂಕ ಇನ್ನೂ ಇಳಿಸಿ ಎನ್ನುವವರನ್ನು, ರಕ್ತ ಪರೀಕ್ಷೆಯಿಲ್ಲದೆ ಪುಡಿ, ಮಾತ್ರೆ ಮಾರುವವರನ್ನು, ಎಲ್ಲರಿಗೂ ಒಂದೇ ಪ್ಲಾನ್ ಕಳಿಸುವವರನ್ನೂ ಹಾಗೇ. ಎದುರಿಗೆ ನೋಡಿಲ್ಲ ಎನ್ನುವುದು ನಿಜವಾದ ಕೊರತೆ, ನಿಮ್ಮ ಮುಖ ಬಾಡಿದ್ದು, ಕುಂಟಿದ್ದು ಪುಣೆಯಲ್ಲಿ ಕೂತವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ನೀವು ಬರೆದದ್ದು ಮಾತ್ರ. ವರ್ಕೌಟ್ ಕೆಳಗಿನ ಕಾಮೆಂಟ್ ಜಾಗವನ್ನು ಖಾಲಿ ಬಿಟ್ಟರೆ ಅವರು ಕಣ್ಣು ಕಟ್ಟಿಕೊಂಡು ನಿಮ್ಮನ್ನು ನಡೆಸುತ್ತಿದ್ದಾರೆ ಎಂದೇ ಅರ್ಥ.

ಈಗ ನಿಧಾನದ ಓಟ. ನಿಧಾನ ಓಡಿದರೆ ವೇಗ ಹೋಗುತ್ತದೆ ಎನ್ನುವುದು ಅರ್ಧ ಸುಳ್ಳು. ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಸ್ನಾಯುಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಸೂಕ್ಷ್ಮ ರಕ್ತನಾಳಗಳು ಕವಲೊಡೆಯುತ್ತವೆ, ಕೊಬ್ಬನ್ನು ಉರಿಸಿ ಓಡುವ ರೂಢಿ ಬರುತ್ತದೆ. ಐದಾರು ಗಂಟೆಗೂ ಮೀರಿದ ಸ್ಪರ್ಧೆಗೆ ಬೇಕಾದ ಬಂಡವಾಳ ಇದೇ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ಮೇಲ್ಮಟ್ಟದ ಓಟ, ರೋಯಿಂಗ್, ಸ್ಕೀಯಿಂಗ್ ಕ್ರೀಡಾಪಟುಗಳ ತರಬೇತಿಯನ್ನು ಅಧ್ಯಯನ ಮಾಡಿ, ಅವರ ಅಭ್ಯಾಸಗಳಲ್ಲಿ ಸುಮಾರು ಶೇ. 80 ಹಗುರವಾಗಿಯೇ ಇರುತ್ತವೆ ಎಂದು ತೋರಿಸಿದರು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ಉಲ್ಟಾ. ಹಗುರವೂ ಅಲ್ಲದ ಕಠಿಣವೂ ಅಲ್ಲದ ನಡುವಿನ ವೇಗದಲ್ಲಿ ದಿನವೂ ಓಡಿ, ದಿನವೂ ದಣಿದಿರುತ್ತಾರೆ. ನಿಮ್ಮ ಆರು ವರ್ಷವೂ ಬಹುಶಃ ಹೀಗೇ ಕಳೆದಿದೆ. ಗೆಳತಿಯರ ಮಾತಿನಲ್ಲಿರುವ ನಿಜವೂ ಇಷ್ಟಿದೆ: ತಿಂಗಳುಗಟ್ಟಲೆ ಒಮ್ಮೆಯೂ ಜೋರಾಗಿ ಓಡದಿದ್ದರೆ ಕಾಲಿನ ಚುರುಕು ಇಳಿಯುತ್ತದೆ. ಮುಂದೆ ಇಂಟರ್ವಲ್‌ಗಳು (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಅಭ್ಯಾಸ) ಯಾವಾಗ ಬರುತ್ತವೆ ಎಂದು ಕೋಚನ್ನು ಕೇಳಿ, ಅವರ ಬಳಿ ಉತ್ತರವಿರಬೇಕು.

ಆದರೆ 134 ಎಂಬ ಸಂಖ್ಯೆಯ ಬಗ್ಗೆ ನನಗೆ ತಕರಾರಿದೆ. 220ರಲ್ಲಿ ನಿಮ್ಮ ವಯಸ್ಸು ಕಳೆದರೆ 179, ಅದರ ಮುಕ್ಕಾಲು 134. ಅಂದರೆ ಇದು ನಿಮ್ಮನ್ನು ಅಳೆದು ಹೊಲಿದ ಅಂಗಿಯಲ್ಲ, ರೆಡಿಮೇಡ್. ಆ ಸೂತ್ರ ಜನಸಮೂಹದ ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಮೇಲೆ ಕೆಳಗೆ ಇರುವುದು ತೀರಾ ಸಾಮಾನ್ಯ. ಹಾಫ್ ಮ್ಯಾರಥಾನ್‌ಗಳ ಕೊನೆಯ ಕಿಲೋಮೀಟರಿನಲ್ಲಿ ನಿಮ್ಮ ವಾಚ್ ಎಷ್ಟು ತೋರಿಸಿದೆ, ಹಳೆಯ ದಾಖಲೆ ತೆಗೆದು ನೋಡಿ. ಅಲ್ಲಿ 186 ಇದ್ದರೆ ನಿಮ್ಮ ಗರಿಷ್ಠ 179 ಆಗಿರಲು ಸಾಧ್ಯವೇ ಇಲ್ಲ, ಮಿತಿ ಐದಾರು ಬಡಿತವಾದರೂ ಮೇಲೇರಬೇಕು. ಮಣಿಕಟ್ಟಿನ ವಾಚ್ ಒಮ್ಮೊಮ್ಮೆ ಹೃದಯದ ಬದಲು ಹೆಜ್ಜೆಯ ಲಯವನ್ನೇ ಎಣಿಸಿಬಿಡುತ್ತದೆ, ಆದ್ದರಿಂದ ಎದೆಗೆ ಕಟ್ಟುವ ಸ್ಟ್ರಾಪ್ ಕೊಳ್ಳಿ. ಕಾಲು ವಾಸಿಯಾದ ಮೇಲೆ 30 ನಿಮಿಷದ ಓಟದ ಪರೀಕ್ಷೆ ಮಾಡಿಸಿ, ಅದರ ಕೊನೆಯ 20 ನಿಮಿಷದ ಸರಾಸರಿ ಬಡಿತದಿಂದ ಜೋನ್ (ಹಗುರ, ಕಠಿಣ ಓಟಗಳ ಬಡಿತದ ಮಿತಿ) ಹಾಕಲು ಹೇಳಿ. ಕೋಚ್ ತಪ್ಪು ಮಾಡಿದ್ದಾರೆ ಎಂದಲ್ಲ. ಹೊಸಬರನ್ನು ಮೊದಲ ವಾರವೇ ಪೂರ್ತಿ ಶಕ್ತಿ ಹಾಕಿ ಓಡಿಸಲು ಹೆದರಿ ಸೂತ್ರದಿಂದ ಶುರು ಮಾಡುವವರಿದ್ದಾರೆ, ನಾನೂ ಮಾಡುತ್ತೇನೆ. ಐದು ವಾರದ ನಂತರವೂ ಅದೇ ಸಂಖ್ಯೆ ಉಳಿಯಬಾರದು, ಅಷ್ಟೇ.

ಓಟ ಎರಡೇ, ಈಜು ಮೂರು ಯಾಕೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. 70.3 ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಒಟ್ಟು 8 ಗಂಟೆ 30 ನಿಮಿಷ ಕಟ್‌ಆಫ್ ಇರುತ್ತದೆ (ಆ ವರ್ಷದ ನಿಯಮ ಓದಿಕೊಳ್ಳಿ). ಈಜಿಗೆ 55 ನಿಮಿಷ, ಗಂಟೆಗೆ 24 ಕಿ.ಮೀ.ನಂತೆ ಸೈಕಲ್‌ಗೆ 3 ಗಂಟೆ 45 ನಿಮಿಷ, ಬಟ್ಟೆ, ಶೂ ಬದಲಿಸಲು ಎರಡೂ ಸೇರಿ ಕಾಲು ಗಂಟೆ. ಆಮೇಲೆ ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಓಡಿದರೂ 2 ಗಂಟೆ 40 ನಿಮಿಷದೊಳಗೆ ಮುಗಿಯುತ್ತದೆ. ಒಟ್ಟು ಏಳೂವರೆ ಗಂಟೆಯ ಆಸುಪಾಸು, ಒಂದು ಗಂಟೆ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಓಟದ ವೇಗ ಸ್ವಲ್ಪ ಇಳಿದರೂ ಸ್ಪರ್ಧೆ ಹೋಗುವುದಿಲ್ಲ. ನೀರಿನಲ್ಲಿ ಗಾಬರಿಯಾದರೆ ಸೈಕಲ್ ಹತ್ತುವ ಮೊದಲೇ ಹೋಗುತ್ತದೆ.

ಗೋವಾದ ನೀರು ಬೆಚ್ಚಗಿರುವುದರಿಂದ ರಬ್ಬರಿನ ಈಜುಡುಗೆಯಾದ ವೆಟ್‌ಸೂಟ್‌ನ ತೇಲುವ ಆಸರೆ ಸಿಗುವುದಿಲ್ಲ, ಉಪ್ಪುನೀರು ಮಾತ್ರ ಸ್ವಲ್ಪ ಎತ್ತಿ ಹಿಡಿಯುತ್ತದೆ. ಕೆಳಗೆ ಕಪ್ಪು ಗೆರೆಯಿಲ್ಲ, ಹಿಡಿದು ನಿಲ್ಲಲು ಗೋಡೆಯಿಲ್ಲ, ಪಕ್ಕದವರ ಕೈ ಮುಖಕ್ಕೆ ಬಡಿಯುತ್ತದೆ. ಕೊಳದಲ್ಲಿ ಚೆನ್ನಾಗಿ ಈಜುವವರೂ ಮೊದಲ 200 ಮೀಟರಿನಲ್ಲಿ ಉಸಿರು ಕಟ್ಟಿ ನಿಲ್ಲುವುದನ್ನು ನೋಡಿದ್ದೇನೆ. ಸರಸ್ವತಿಪುರಂನ ವಿಶ್ವವಿದ್ಯಾಲಯದ ಕೊಳದಲ್ಲೇ ಇದಕ್ಕೆ ತಯಾರಿ ಮಾಡಬಹುದು. ಗೋಡೆ ಮುಟ್ಟದೆ ತಿರುಗಿ, ಆರು ಕೈ ಕಣ್ಣು ಮುಚ್ಚಿ ಈಜಿ, ಏಳನೆಯದಕ್ಕೆ ತಲೆ ಎತ್ತಿ ದೂರದ ಗುರಿ ನೋಡಿ, ಒಂದೇ ಲೇನ್‌ನಲ್ಲಿ ಮೂವರು ಮೈಗೆ ಮೈ ತಾಗಿಸಿಕೊಂಡು ಈಜಿ. ಸ್ಪರ್ಧೆಗೆ ಮುಂಚೆ ಎರಡು ಬಾರಿಯಾದರೂ ಜೀವರಕ್ಷಕರಿರುವ ತಂಡದೊಂದಿಗೆ ಸಮುದ್ರಕ್ಕಿಳಿಯಿರಿ. ಹತ್ತಿರವಿದೆ ಎಂದು ಕೆಆರ್‌ಎಸ್ ಹಿನ್ನೀರಿಗೋ ಕಾವೇರಿಗೋ ಹೋಗಲೇಬೇಡಿ. ಸುಳಿ, ಹೂಳು, ಬಿಟ್ಟ ಬಲೆ ಯಾವುದೂ ಮೇಲಿನಿಂದ ಕಾಣುವುದಿಲ್ಲ.

ಕೆಂಪು ಚೌಕಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು. ತಪ್ಪಿದ್ದು ತಪ್ಪಿತು, ಅದನ್ನು ಭಾನುವಾರಕ್ಕೆ ಪೇರಿಸಬೇಡಿ. ವ್ಯಾಯಾಮ ದೇಹವನ್ನು ಕೆಡವುತ್ತದೆ, ಕಟ್ಟುವುದು ನಿದ್ದೆ ಮತ್ತು ಊಟ. ಹೃದಯ, ಶ್ವಾಸಕೋಶ ಕೆಲವು ವಾರದಲ್ಲಿ ಹೊಂದಿಕೊಂಡರೆ ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು, ಪೇರಿಸಿದ ಭಾನುವಾರದ ಭಾರ ಬೀಳುವುದು ಅವುಗಳ ಮೇಲೆ. ನಿಮ್ಮ ಕಾಲಿನ ನೋವಿನಲ್ಲಿ ಅದರ ಪಾಲೂ ಇರಬಹುದು. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನವರಿಗೆ ಮನೆಗೆ ಹೋಗುವ ಹೊತ್ತೇ ಗೊತ್ತಿರುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಕೋಚ್ ಆ ಎರಡು ವಾರಕ್ಕೆ ನಾಲ್ಕು ಗಂಟೆಯ ಪ್ಲಾನ್ ಕೊಡುತ್ತಿದ್ದರು. ಅರ್ಧವಾರ್ಷಿಕ ಲೆಕ್ಕ, ಮಕ್ಕಳ ಪರೀಕ್ಷೆ, ಮನೆಯ ಮದುವೆ, ದಸರಾಕ್ಕೆ ಬರುವ ನೆಂಟರು, ಎಲ್ಲವನ್ನೂ ಈಗಲೇ ಬರೆದು ಕಳಿಸಿ.

ಯಜಮಾನರ ಭಯವನ್ನು ತಳ್ಳಿಹಾಕಬೇಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿಗೆ ಹೋದ ಮೇಲೆ ಈ ಪ್ರಶ್ನೆಯಿಲ್ಲದೆ ನನ್ನ ಬಳಿ ಯಾರ ಮನೆಯವರೂ ಬಂದಿಲ್ಲ. ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯಕ್ಕೆ ಒಳ್ಳೆಯದು, ಇದರಲ್ಲಿ ಅನುಮಾನವಿಲ್ಲ. ಒಳಗೆ ಮೊದಲೇ ತೊಂದರೆಯಿರುವವರಿಗೆ ರೂಢಿಯಿಲ್ಲದ ತೀವ್ರ ಶ್ರಮದ ಹೊತ್ತಿನಲ್ಲಿ ಅಪಾಯ ಹೆಚ್ಚುತ್ತದೆ, ಅದೂ ನಿಜ. ಅಮೆರಿಕದ ದಾಖಲೆಗಳ ಪ್ರಕಾರ ಟ್ರಯಥ್ಲಾನ್‌ನಲ್ಲಿ ಆದ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲಾಗಿವೆ. ಆದ್ದರಿಂದ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ. ಓಡುವಾಗ ಎದೆನೋವು, ತಲೆಸುತ್ತು, ಎಚ್ಚರ ತಪ್ಪಿದ್ದು ಉಂಟೇ, ತಂದೆ, ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ, ಅಕ್ಕತಂಗಿಯರಿಗೆ 65ರೊಳಗೆ ಹೃದಯದ ತೊಂದರೆ ಬಂದಿತ್ತೇ ಎಂದು ಯೋಚಿಸಿಕೊಂಡು ಹೋಗಿ. ಬಿಪಿ, ಶುಗರ್, ಕೊಲೆಸ್ಟರಾಲ್, ಇಸಿಜಿ ಆಗಲಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ಹೇಳುತ್ತಾರೆ. ವರದಿ ಚೆನ್ನಾಗಿ ಬಂದರೂ ಅದು ಜೀವಮಾನದ ಗ್ಯಾರಂಟಿಯಲ್ಲ. ಜ್ವರವಿದ್ದ ದಿನ ಮಾತ್ರ ಯಾವ ಕೋಚ್ ಹೇಳಿದರೂ ವ್ಯಾಯಾಮ ಬೇಡ.

ಊಟದ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ರಾತ್ರಿ ಊಟ ವಾಪಸ್ ಬರಲಿ. ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಡುವವರಾದರೆ ಜೊತೆಗೆ ಒಂದು ಬಾಳೆಹಣ್ಣು ಸೇರಲಿ. ಮೈಸೂರಿನ ಎಷ್ಟೋ ಮನೆಗಳಲ್ಲಿ ಶನಿವಾರ ಒಪ್ಪೊತ್ತು, ಮರುದಿನವೇ ಲಾಂಗ್ ರೈಡ್. ವ್ರತ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಫಲಾಹಾರವನ್ನು ಗಟ್ಟಿಯಾಗಿಯೇ ಮಾಡಿ: ಮೊಸರವಲಕ್ಕಿ, ಹಾಲು, ಖರ್ಜೂರ, ಎರಡು ಬಾಳೆಹಣ್ಣು. ಎರಡು ಗಂಟೆ ಮೀರಿದ ರೈಡ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಸ್ಪರ್ಧೆಯ ದಿನ ಏನು ತಿನ್ನುತ್ತೀರೋ ಅದನ್ನು ಈಗಿನಿಂದಲೇ ಸೈಕಲ್ ಮೇಲೆ ತಿಂದು ಹೊಟ್ಟೆಗೆ ರೂಢಿ ಮಾಡಿ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಮುಂದೆ ಮೂರು ದಾರಿ ಇವೆ. ಮೊದಲನೆಯದು, ಮೆಸೇಜಿಗೆ ಸರಿಯಾದ ಉತ್ತರ ಬಂದರೆ ಇದೇ ಕೋಚ್ ಜೊತೆ ಇನ್ನು 12 ವಾರ ಮುಂದುವರಿಯುವುದು. ಅದಕ್ಕಿಂತ ಕಡಿಮೆ ಸಮಯದಲ್ಲಿ ಯಾವ ಪ್ಲಾನನ್ನೂ ಅಳೆಯಲಾಗುವುದಿಲ್ಲ. ಇದರ ಅಪಾಯ, ಗೋವಾದ ದಿನಾಂಕ ಹತ್ತಿರ ಬಂದಂತೆ ಇಬ್ಬರೂ ಆತುರಪಡುವುದು. ಎರಡನೆಯದು, ಗೋವಾವನ್ನು ಮುಂದಿನ ವರ್ಷಕ್ಕೆ ತಳ್ಳಿ ಈ ವರ್ಷ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸ್ಪ್ರಿಂಟ್ ಸ್ಪರ್ಧೆ ಮಾಡುವುದು. ಮನಸ್ಸಿಗೆ ಕಹಿ, ದೇಹಕ್ಕೆ ಸಿಹಿ. ಮೂಳೆ ಬಿರುಕು ಎಂದು ವರದಿ ಬಂದರೆ ನಾನು ಇದನ್ನೇ ಹೇಳುವವನು. ಮೂರನೆಯದು, ಕೋಚ್ ಬಿಟ್ಟು ಸಿದ್ಧ ಪ್ಲಾನ್ ಇಟ್ಟುಕೊಂಡು ಊರಿನ ಸೈಕಲ್, ಈಜಿನ ಗೆಳೆಯರ ಜೊತೆ ಅಭ್ಯಾಸ ಮಾಡುವುದು. ದುಡ್ಡು ಉಳಿಯುತ್ತದೆ, ಜೊತೆ ಸಿಗುತ್ತದೆ. ಆದರೆ ಸಿದ್ಧ ಪ್ಲಾನ್‌ಗೆ ನಿಮ್ಮ ಕಾಲು ನೋಯುವುದು ಗೊತ್ತಾಗುವುದಿಲ್ಲ, ಗುಂಪಿನಲ್ಲಿ ನಿಧಾನ ಹೋಗಲು ನಿಮ್ಮ ಅಭಿಮಾನ ಬಿಡುವುದಿಲ್ಲ. ಬೆಂಗಳೂರಿಗೆ ಹೋಗುವ ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಸೈಕಲ್‌ಗೆ ಪ್ರವೇಶವಿಲ್ಲ ಎಂಬುದೂ ನೆನಪಿರಲಿ. ಯಾರು ಕರೆದರೂ ಸರ್ವಿಸ್ ರಸ್ತೆ ಬಿಟ್ಟು ಮೇಲೆ ಹತ್ತಬೇಡಿ.

ಮೊದಲು ಆ ಮೆಸೇಜ್ ಕಳಿಸಿ, ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ವರದಿಗಳು ಬಂದ ಮೇಲೆ ಬರೆಯಿರಿ, ಓಟವಿಲ್ಲದ ಆ ವಾರಗಳನ್ನು ಈಜು, ಸೈಕಲ್‌ಗಳಿಂದ ಹೇಗೆ ತುಂಬುವುದು ಎಂಬುದನ್ನು ಮುಂದಿನ ಸಲ ವಿವರವಾಗಿ ಹೇಳುತ್ತೇನೆ.